ಮೂರು ಕೆಲಸದ ಡಬ್ಬಿಯೂ ರೇಣುಕಾಳ ಹಳದಿ ಚುಕ್ಕಿಯೂ

ಎಂ.ಟೆಕ್ ಮಾಡಿದ ಹೆಣ್ಣುಮಗಳೊಬ್ಬಳು ರಟ್ಟಿನ ತುಂಡು ಹಿಡಿದು ಕಂಪ್ಯೂಟರಿಗೆ ಗಾಳಿ ಬೀಸುವುದನ್ನು ನೀವು ಯಾವತ್ತಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಹೋದ ತಿಂಗಳು, ಪೀಣ್ಯದ ಒಂದು ಶೆಡ್ಡಿನಲ್ಲಿ, ಮಟಮಟ ಮಧ್ಯಾಹ್ನ.

ಬೀಸುತ್ತಿದ್ದವಳು ನನ್ನ ನಾದಿನಿ ವಸುಧಾ. ಬೀಸಿಸಿಕೊಳ್ಳುತ್ತಿದ್ದದ್ದು ಒಂದು ಕಪ್ಪು ಡಬ್ಬಿ. ಅವಳು ಊಟ ಮರೆತು ಹೋಗಿದ್ದಳು ಅಂತ ಚಿಕ್ಕಬಾಣಾವರದಿಂದ ಸ್ಕೂಟರಿನಲ್ಲಿ ಟಿಫನ್ ಕ್ಯಾರಿಯರ್ ತಂದಿದ್ದೆ. ಸುಮ್ಮನೆ ಆ ಡಬ್ಬಿಯನ್ನು ಮುಟ್ಟಿ ನೋಡಿದೆ. ನನ್ನ ಕ್ಯಾರಿಯರಿಗಿಂತ ಅದೇ ಬಿಸಿ!

“ಮುಟ್ಬೇಡಿ ಅತ್ತಿಗೆ, ಪಾಪ ಅದಕ್ಕೆ ಜ್ವರ ಬಂದಿದೆ” ಎಂದಳು.

ವಸು ವೈಟ್‌ಫೀಲ್ಡಿನ ಕೆಲಸ ಬಿಟ್ಟು ಗೆಳತಿಯೊಬ್ಬಳ ಜೊತೆ ಸೇರಿ ಸ್ವಂತ ಕಂಪನಿ ಮಾಡಿದ್ದಾಳೆ. (ಕಂಪನಿ ಎಂದರೆ ನಮ್ಮ ಮನೆಯ ಮೇಲಿನ ರೂಮು. ಬೋರ್ಡು ಇನ್ನೂ ಬರೆಸಿಲ್ಲ.) ಅವರು ಮಾಡುವುದು ನೋಡುವ ಯಂತ್ರ. ಕ್ಯಾಮೆರಾ ನೋಡುತ್ತದೆ, ಡಬ್ಬಿಯೊಳಗಿನ ಮಾಡೆಲ್, ಅಂದರೆ ಫೋಟೋ ನೋಡಿ ನೋಡಿ ಕಲಿತ ಪ್ರೋಗ್ರಾಂ, ‘ಇದು ಒಳ್ಳೆಯ ಪೀಸ್, ಇದು ಕೆಟ್ಟ ಪೀಸ್’ ಎಂದು ಹೇಳುತ್ತದೆ. ಕೆಟ್ಟದ್ದಾದರೆ ಕೆಂಪು ದೀಪ ಹತ್ತಿ, ಪಕ್ಕದ ಪೈಪಿನಿಂದ ಫುಸ್ ಎಂದು ಗಾಳಿ ಬಂದು ಪೀಸನ್ನು ಬಿನ್ನಿಗೆ ತಳ್ಳುತ್ತದೆ. ನೋಡುವುದಕ್ಕೆ ಬಹಳ ಮಜಾ. ನಾನಂತೂ ಅರ್ಧ ಗಂಟೆ ನಿಂತು ನೋಡಿದೆ.

ಅವರ ಮೊದಲ ಗಿರಾಕಿ ಈ ಶೆಡ್ಡಿನ ಮಾಲೀಕ ಗಂಗಣ್ಣ. ಇದೇ ಊರಿನವರು. ಶೆಡ್ಡು ನಿಂತಿರುವ ಜಾಗದಲ್ಲಿ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರಂತೆ. ಈಗ ಅಲ್ಲಿ ನೀರಿನ ಪಂಪಿಗೆ ಪೈಪು ಜೋಡಿಸುವ ಸ್ಟೀಲ್ ಕಪ್ಲಿಂಗ್ ಬೆಳೆಯುತ್ತದೆ. ಹೊಟ್ಟೆಯಲ್ಲಿ ಸ್ಕ್ರೂವಿನಂಥ ಸುರುಳಿ ಗೆರೆಯ ಥ್ರೆಡ್, ಮೈಮೇಲೆ ಬ್ಯಾಚ್ ನಂಬರ್ ಇರುವ ಒಂದು ಮುಷ್ಟಿ ಗಾತ್ರದ ಪೀಸ್.

ಕ್ಯಾಮೆರಾ ಬರುವ ಮೊದಲು ಪೀಸ್ ನೋಡುತ್ತಿದ್ದವಳು, ಅದು ಪಳಗುವವರೆಗೆ ಈಗಲೂ ನೋಡುತ್ತಿದ್ದವಳು ರೇಣುಕಾ. ಗದಗದ ಕಡೆಯವಳು, ರಾಜಗೋಪಾಲನಗರದಲ್ಲಿ ಗಂಡನ ಜೊತೆ ಒಂದು ರೂಮು ಮಾಡಿಕೊಂಡಿದ್ದಾಳೆ. ಟೇಬಲ್ಲಿನ ಮೇಲೆ ಟ್ಯೂಬ್‌ಲೈಟು, ಕೈಯಲ್ಲಿ ಭೂತಗನ್ನಡಿ, ಬೆಳಗ್ಗೆಯಿಂದ ಸಂಜೆವರೆಗೆ ಅದೇ ಹೊಳೆಯುವ ಸ್ಟೀಲು. ಸಂಜೆ ಹೊತ್ತಿಗೆ ಕಣ್ಣಲ್ಲಿ ನೀರು ಸೋರುತ್ತದೆ. ಮನೆಗೆ ಹೋಗಿ ಈರುಳ್ಳಿ ಹೆಚ್ಚಿದರೆ ಅಳು ಯಾವುದು, ಈರುಳ್ಳಿ ಯಾವುದು ಅಂತ ಗೊತ್ತಾಗುವುದಿಲ್ಲ ಎಂದು ನಗುತ್ತಾಳೆ.

ಅವಳಿಗೊಂದು ಆಸೆ. ಸಿಎನ್‌ಸಿ ಮೆಷಿನ್ ಕಲಿಯಬೇಕು. ಅದೇ, ಕಂಪ್ಯೂಟರ್ ಹೇಳಿದಂತೆ ಕಬ್ಬಿಣ ಕೊರೆಯುವ ದೊಡ್ಡ ಯಂತ್ರ. ಅದನ್ನು ನಡೆಸಲು ಬಂದರೆ ಪೀಣ್ಯದಲ್ಲಿ ಯಾವ ಗೇಟಿನಲ್ಲಿ ಕೇಳಿದರೂ ಕೆಲಸ ಉಂಟು. ಗಂಗಣ್ಣ ಮಾತು ಕೊಟ್ಟಿದ್ದರು: “ಕ್ಯಾಮೆರಾ ಸರಿಯಾಗಿ ನೋಡಕ್ಕೆ ಸುರು ಮಾಡ್ಲಿ, ನಿನ್ನ ಸಿಎನ್‌ಸಿಗೆ ಆಕ್ತೀನಿ.”

ಯಂತ್ರ ಬಂದರೆ ಕೆಲಸ ಹೋಗುತ್ತದೆ ಎಂದು ಹೆದರುವವರನ್ನು ನೋಡಿದ್ದೇನೆ. ಯಂತ್ರ ಯಾವಾಗ ಬರುತ್ತದೋ ಎಂದು ಹಾರೈಸಿ ಕೂತವಳನ್ನು ನೋಡಿದ್ದು ಇದೇ ಮೊದಲು. ಆದ್ದರಿಂದ ಆ ಡಬ್ಬಿಗೆ ಜ್ವರ ಬಂದರೆ ವಸುಗಿಂತ ಹೆಚ್ಚು ಕಂಗಾಲಾಗುತ್ತಿದ್ದವಳು ರೇಣುಕಾ.

ಸರಿ, ಜ್ವರ ಯಾಕೆ ಬಂತು? ಕಥೆ ಸರಳ. ಮೊದಲು ಗಂಗಣ್ಣ ಕೇಳಿದ್ದು ಗೀರು ಬಿದ್ದ ಪೀಸ್ ಹಿಡಿಯಿರಿ ಅಂತ. ವಸು ಒಂದು ಮಾಡೆಲ್ ಮಾಡಿದಳು. ಆಮೇಲೆ ಅವರ ಕಸ್ಟಮರ್ ಥ್ರೆಡ್ ಬಗ್ಗೆ ಕ್ಯಾತೆ ತೆಗೆದರು. ಅದಕ್ಕೆ ಇನ್ನೊಂದು ಮಾಡೆಲ್. ಆಮೇಲೆ ಬ್ಯಾಚ್ ನಂಬರ್ ಸರಿಯಾಗಿ ಮೂಡಿಲ್ಲ ಎಂದರು. ಮತ್ತೊಂದು ಮಾಡೆಲ್. ಮೂರೂ ಒಂದೇ ಪುಟ್ಟ ಡಬ್ಬಿಯಲ್ಲಿ. ಒಂದೊಂದು ಪೀಸ್ ಬಂದಾಗಲೂ ಮೂವರೂ ಬೇರೆ ಬೇರೆಯಾಗಿ ಅದೇ ಫೋಟೋವನ್ನು ಮೊದಲಿನಿಂದ ನೋಡುತ್ತಾ ಕೂರುತ್ತಿದ್ದರು. ಡಬ್ಬಿ ಕಾದು ನಿಧಾನವಾಯಿತು. ಡಬ್ಬಿ ನಿಧಾನವಾದ್ದರಿಂದ ಪೀಸ್ ಸಾಗಿಬರುವ ಬೆಲ್ಟನ್ನೂ ನಿಧಾನ ಮಾಡಬೇಕಾಯಿತು.

“ಏನಮ್ಮ ಇದು, ನಮ್ಮಪ್ಪನ ಎತ್ತಿನ ಗಾಡಿನೇ ವಾಸಿ ಇತ್ತಲ್ಲ!” ಎಂದರು ಗಂಗಣ್ಣ.

“ಸಾರ್, ದೊಡ್ಡ ಕಂಪ್ಯೂಟರ್ ಹಾಕಿದ್ರೆ ಸರಿಹೋಗುತ್ತೆ” ಎಂದಳು ವಸು.

“ಅದ್ರ ರೇಟು ಕೇಳಿದ್ದೀನಿ, ಬ್ಯಾಡ. ಇದೇ ಡಬ್ಬಿಲಿ, ಬೆಲ್ಟು ಫುಲ್ ಸ್ಪೀಡಲ್ಲಿ ಓಡ್ತಾ ಇರುವಾಗ ನೋಡ್ಬೇಕು. ಬರೋ ಶನಿವಾರ ಟ್ರಯಲ್ ಕೊಡಿ. ಆಗ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕಬ್ಯಾಡಿ, ಕ್ಯಾಮೆರಾ ಬಿಚ್ಕೊಂಡು ಓಗಿ.”

ರೇಣುಕಾ ಭೂತಗನ್ನಡಿ ಕೆಳಗಿಟ್ಟು ವಸುವಿನ ಮುಖವನ್ನೇ ನೋಡಿದಳು.

ಮಾರನೆಯ ದಿನ ಭಾನುವಾರ. ನಮ್ಮ ಮನೆಯಲ್ಲಿ ಹೋಳಿಗೆ. ನಾನು ಬೇಳೆ ಬೇಯಿಸಿ ಕಟ್ಟು ಬಸಿಯುತ್ತಿದ್ದೆ. ವಸು ಲ್ಯಾಪ್‌ಟಾಪ್ ತಂದು ಅಡುಗೆಮನೆಯ ಕಟ್ಟೆಯ ಮೇಲೇ ಇಟ್ಟುಕೊಂಡಿದ್ದಳು. (ಹಿಟ್ಟು ಬೀಳುತ್ತೆ ಕಣೇ ಎಂದರೆ ಕೇಳುವವಳಲ್ಲ.) ನಿನ್ನ ಯೋಚನೆ ಏನು, ನನಗೂ ಅರ್ಥವಾಗುವ ಹಾಗೆ ಹೇಳು ಎಂದೆ.

“ಮೂರು ಮಾಡೆಲ್ ತೆಗೆದು ಒಂದೇ ಮಾಡೆಲ್ ಮಾಡ್ತೀನಿ ಅತ್ತಿಗೆ. ಮಲ್ಟಿ-ಟಾಸ್ಕ್ ಅಂತಾರೆ. ಫೋಟೋ ನೋಡೋದು ಒಂದೇ ಸಲ. ಅಂಚು ಎಲ್ಲಿದೆ, ನೆರಳು ಎಲ್ಲಿದೆ, ಗೆರೆ ಎಲ್ಲಿದೆ, ಇದೆಲ್ಲ ಮೂರಕ್ಕೂ ಬೇಕಾಗಿರೋದೇ ಅಲ್ವಾ? ಆ ಭಾರದ ಕೆಲಸ ಒಂದೇ ಸಲ ಮಾಡಿ, ಕೊನೇಲಿ ಮಾತ್ರ ಮೂರು ಚಿಕ್ಕ ಕವಲು. ಒಂದು ಗೀರಿಗೆ, ಒಂದು ಥ್ರೆಡ್ಡಿಗೆ, ಒಂದು ನಂಬರಿಗೆ.”

ನಾನು ಕೈಯಲ್ಲಿದ್ದ ಪಾತ್ರೆ ನೋಡಿದೆ. ಒಂದೇ ಬೇಳೆ, ಒಂದೇ ಒಲೆ. ಬಸಿದ ಕಟ್ಟಿಗೆ ಒಗ್ಗರಣೆ ಹಾಕಿದರೆ ಸಾರು, ಉಳಿದ ಬೇಳೆಗೆ ಬೆಲ್ಲ ಹಾಕಿ ರುಬ್ಬಿದರೆ ಹೂರಣ. ಸಾರಿಗೊಂದು ಸಲ, ಹೂರಣಕ್ಕೊಂದು ಸಲ ಬೇಳೆ ಬೇಯಿಸುವ ಹೆಂಗಸು ಯಾರಾದರೂ ಇದ್ದಾಳಾ?

“ಅಯ್ಯೋ, ಇಷ್ಟೇನಾ! ಇದು ಮೊದಲೇ ಹೊಳೀಲಿಲ್ವಾ ನಿಂಗೆ?” ಎಂದೆ. (ಅತ್ತಿಗೆ ಎಂದ ಮೇಲೆ ಒಂದು ಚುಚ್ಚು ಮಾತು ಆಡದಿದ್ದರೆ ಹೇಗೆ?)

“ಹೊಳೆಯೋದು ಕಷ್ಟ ಅಲ್ಲ, ಪ್ರಪಂಚದಲ್ಲಿ ಎಷ್ಟೋ ಜನ ಮಾಡ್ತಿದ್ದಾರೆ. ಮಾಡೋದು ಕಷ್ಟ. ನಿಮ್ಮ ಹೂರಣಕ್ಕೆ ಬೇಳೆ ಕರಗಬಾರದು, ಸಾರಿಗೆ ಕಟ್ಟು ಗಟ್ಟಿ ಬರಬೇಕು. ಎರಡಕ್ಕೂ ಜಗಳ ಇಲ್ವಾ? ಇಲ್ಲೂ ಹಾಗೇ. ಗೀರು ಕಲಿಯೋದು ಸುಲಭ, ಅದು ಜೋರಾಗಿ ಕೂಗುತ್ತೆ. ಮಾಡೆಲ್ ಪೂರ್ತಿ ಅದರ ಕಡೆಗೇ ವಾಲಿಬಿಡುತ್ತೆ. ನಂಬರಿನ ಪಾಡು ಕೇಳೋರಿಲ್ಲ. ಯಾರ ಮಾತಿಗೆ ಎಷ್ಟು ಬೆಲೆ ಅಂತ ನಾನು ಕೂತು ಹದ ಮಾಡ್ಬೇಕು.”

ಮನೆಯಲ್ಲಿ ಮೂವರು ಮಕ್ಕಳಿದ್ದರೆ ಆಗುವುದೂ ಇದೇ ಅಲ್ಲವೇ? ಕಿರುಚುವವನಿಗೆ ಮೊದಲ ದೋಸೆ.

ಅವಳ ಬಳಿ ಇನ್ನೊಂದು ಉಪಾಯವೂ ಇತ್ತು. ಗೀರು ಕಂಡ ಪೀಸ್ ಹೇಗೂ ರಿಜೆಕ್ಟ್. ಅದರ ಥ್ರೆಡ್ ನೋಡಿ, ನಂಬರ್ ನೋಡಿ ಯಾರಿಗೇನು ಪ್ರಯೋಜನ? ಅಲ್ಲೇ ನಿಲ್ಲಿಸಿದರೆ ಆಯಿತು. ಡಬ್ಬಿಗೂ ಸುಸ್ತು ತಪ್ಪಿತು, ಕರೆಂಟೂ ಉಳಿಯಿತು. ಇದನ್ನು ಹೇಳುವಾಗ ವಸುವಿನ ಕಣ್ಣು ನೋಡಬೇಕಿತ್ತು. ಹಬ್ಬಕ್ಕೆ ಪಟಾಕಿ ತಂದ ಹುಡುಗರ ಕಣ್ಣು. ನನಗೂ ಆ ಹುಚ್ಚು ಅಂಟಿತು. ಹೋಳಿಗೆ ಎರಡು ಸೀದುಹೋದವು.

ಒಂದೇ ತೊಂದರೆ. ಹಳೆಯ ಫೋಟೋಗಳಲ್ಲಿ ಗೀರಿನವಕ್ಕೆ ಗೀರಿನ ಉತ್ತರ ಮಾತ್ರ ಗೊತ್ತು, ಥ್ರೆಡ್ಡಿನವಕ್ಕೆ ಥ್ರೆಡ್ಡಿನದು ಮಾತ್ರ. ಮೂರನ್ನೂ ಒಟ್ಟಿಗೆ ಕಲಿಯುವ ಮಾಡೆಲ್ಲಿಗೆ ಒಂದೇ ಪೀಸಿನ ಮೂರೂ ಉತ್ತರ ಬೇಕು. ಯಾರು ಕೊಡುತ್ತಾರೆ? ರೇಣುಕಾ. ವಸು ಫೋನಿನಲ್ಲೇ ಹೇಳಿಕೊಟ್ಟಳು: ಪೀಸ್ ನೋಡು, ಕ್ಯಾಮೆರಾ ಕೆಳಗೆ ಇಡು, ಪಕ್ಕದ ಮೂರು ಬಟನ್ನಿನಲ್ಲಿ ಸರಿ–ತಪ್ಪು ಒತ್ತು. ಅವಳು ಕೂತಳು ನೋಡಿ! ಊಟದ ಬಿಡುವಿನಲ್ಲೂ ಒತ್ತಿದಳು. ಗಂಗಣ್ಣನೇ ‘ಟೀ ಕುಡ್ದು ಬಾರಮ್ಮ’ ಎಂದು ಎಬ್ಬಿಸಬೇಕಾಯಿತಂತೆ.

ಇತ್ತ ವಸು ಆ ಫೋಟೋಗಳನ್ನು ಹಾಕಿ ಮಾಡೆಲ್ಲಿಗೆ ಪಾಠ ಮಾಡಿದಳು. ಕೆಲವು ಫೋಟೋ ಎತ್ತಿಟ್ಟುಕೊಂಡು ಪರೀಕ್ಷೆ ಮಾಡಿದಳು. ಫಲಿತಾಂಶ? ಫಸ್ಟ್ ಕ್ಲಾಸ್! ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎನ್ನುವುದರಲ್ಲಿ ತಪ್ಪೇ ಇಲ್ಲ ಅನ್ನುವಷ್ಟು. ಡಬ್ಬಿ ತಣ್ಣಗಿದೆ, ವೇಗ ದುಪ್ಪಟ್ಟಿಗಿಂತ ಹೆಚ್ಚು. ಅವಳು ಮೆಟ್ಟಿಲಿಳಿದು ಓಡಿಬಂದು ನನ್ನನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿದಳು. ನನ್ನ ತೂಕಕ್ಕೆ ಅದು ಸಣ್ಣ ಸಾಹಸವಲ್ಲ.

ಶನಿವಾರ ನಾನೂ ಹೋದೆ. ಬಿಡುತ್ತೇನೆಯೇ?

ಶೆಡ್ಡಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ಬೆಲ್ಟಿನ ಸುತ್ತ ನಿಂತಿದ್ದರು. ಗಂಗಣ್ಣ ಹೊಸ ಶರ್ಟು. ರೇಣುಕಾ ಮಲ್ಲಿಗೆ ಮುಡಿದು ಬಂದಿದ್ದಳು. ಬೆಲ್ಟು ಫುಲ್ ಸ್ಪೀಡಿನಲ್ಲಿ ಹೊರಟಿತು. ಆಗಷ್ಟೇ ಮೆಷಿನ್ನಿನಿಂದ ಇಳಿದ ಮೊದಲ ಪೀಸ್ ಕ್ಯಾಮೆರಾ ಕೆಳಗೆ ಬಂತು.

ಕೆಂಪು. ಫುಸ್.

ಇರಲಿ, ಕೆಟ್ಟ ಪೀಸ್ ಇರಬಹುದು. ಎರಡನೆಯದು ಬಂತು. ಕೆಂಪು. ಫುಸ್. ಮೂರನೆಯದು, ಅದರ ಹಿಂದಿನದು, ಅದರ ಹಿಂದಿನದು, ಎಲ್ಲಾ ಕೆಂಪು. ಬಿನ್ನಿನಲ್ಲಿ ಪೀಸ್ ಬೀಳುವ ಸದ್ದು ಠಣ್ ಠಣ್ ಎಂದು ಕೇಳುತ್ತಲೇ ಹೋಯಿತು. ಎಂಥಾ ವೇಗ ಅಂತೀರಿ! ಡಬ್ಬಿ ಒಂಚೂರೂ ಬಿಸಿಯಾಗದೆ, ಒಂದು ಕ್ಷಣವೂ ತಡಮಾಡದೆ, ಗಂಗಣ್ಣನ ಅಷ್ಟೂ ಮಾಲನ್ನು ಕಸಕ್ಕೆ ಹಾಕುತ್ತಿತ್ತು.

“ನಿಲ್ಸ್ರಪ್ಪಾ ನಿಲ್ಸಿ!” ಗಂಗಣ್ಣ ಕೂಗಿದರು. ಬೆಲ್ಟು ನಿಂತಿತು. ಬಿನ್ನಿನಿಂದ ಒಂದು ಪೀಸ್ ತೆಗೆದು ರೇಣುಕಾಳ ಕೈಗೆ ಕೊಟ್ಟರು. ಅವಳು ತಿರುಗಿಸಿ ನೋಡಿ, “ಇದು ಚಲೋ ಐತ್ರೀ” ಎಂದಳು. ಇನ್ನೊಂದು ಕೊಟ್ಟರು. “ಇದೂ ಚಲೋ ಐತಿ” ಎಂದಾಗ ಅವಳ ದನಿ ಸಣ್ಣದಾಗಿತ್ತು.

ವಸುವಿನ ಮುಖ ಸುಣ್ಣವಾಯಿತು. ಒಂದು ವಾರ ನಾವೆಲ್ಲ ಕುಣಿದಾಡಿದ್ದು ಇದಕ್ಕೇನಾ?

ಆದರೆ ನಮ್ಮ ವಸು ಅಳುವ ಪೈಕಿಯಲ್ಲ. ಲ್ಯಾಪ್‌ಟಾಪ್ ತೆಗೆದು ನೆಲದ ಮೇಲೇ ಕುಳಿತಳು. ಮಾಡೆಲ್ ಫೋಟೋದ ಯಾವ ಭಾಗವನ್ನು ನೋಡಿ ತೀರ್ಮಾನ ಮಾಡುತ್ತದೆ ಎಂದು ಬಣ್ಣ ಹಚ್ಚಿ ತೋರಿಸುವ ವಿಧಾನವೊಂದಿದೆ. ಪಾಠಕ್ಕೆ ಬಳಸಿದ್ದ ಒಂದು ಒಳ್ಳೆಯ ಪೀಸಿನ ಫೋಟೋಗೆ ಅದನ್ನು ಹಾಕಿದಳು. ಮೊದಲು ಗೀರಿನ ಕವಲು. ಅದು ನೋಡುತ್ತಿದ್ದದ್ದು ಪೀಸಿನ ಮೇಲಿನ ಒಂದು ಮೂಲೆ. ಥ್ರೆಡ್ಡಿನ ಕವಲು? ಅದೇ ಮೂಲೆ. ನಂಬರಿನದು? ಅದೂ ಅದೇ ಮೂಲೆ! ಗೀರು ಎಲ್ಲೆಲ್ಲೋ ಇರುತ್ತದೆ, ಥ್ರೆಡ್ ಹೊಟ್ಟೆಯೊಳಗಿರುತ್ತದೆ, ನಂಬರ್ ಇನ್ನೊಂದು ಬದಿಗೆ. ಮೂವರೂ ಸೇರಿ ಆ ಮೂಲೆಯಲ್ಲಿ ಏನು ನೋಡುತ್ತಿದ್ದಾರೆ?

ಅಲ್ಲಿ ಒಂದು ಬೆಳ್ಳನೆಯ ಚುಕ್ಕೆ ಇತ್ತು.

“ಇದು ಲೈಟ್ ಬಿದ್ದು ಹೊಳೆದಿರೋದು ಅಂದ್ಕೊಂಡಿದ್ದೆ” ಎಂದಳು ವಸು. ಕ್ಯಾಮೆರಾ ತೆಗೆಯುವುದು ಕಪ್ಪು-ಬಿಳುಪು ಫೋಟೋ. ಅವಳು ಎದ್ದು ಟೇಬಲ್ಲಿನ ಹತ್ತಿರ ಹೋಗಿ, ಓಕೆ ಟ್ರೇಯಿಂದ ಒಂದು ಪೀಸ್ ಎತ್ತಿಕೊಂಡಳು. ಅದರ ಮೂಲೆಯಲ್ಲಿ ಪೇಂಟ್ ಪೆನ್ನಿನ ಹಳದಿ ಚುಕ್ಕಿ.

“ರೇಣುಕಾ, ಇದನ್ನ ಯಾವಾಗ ಇಡ್ತೀರಾ?”

“ಓಕೆ ಪೀಸ್ ಅಂದ್ರ ಚುಕ್ಕಿ ಇಡೂದ ಅಲ್ರೀ ಮೇಡಂ. ನೋಡಿದ ಕೂಡ್ಲೆ ಇಡ್ತೀನಿ.”

“ಕ್ಯಾಮೆರಾ ಕೆಳಗೆ ಇಡೋಕೆ ಮುಂಚೆ?”

“ಹೌದ್ರಿ. ಚುಕ್ಕಿ ಇಡಲಾರದ ಹೆಂಗ ಕೈಬಿಡೂದು?”

ಕಾಲ ಒಂದು ಕ್ಷಣ ನಿಂತಿತು ಎಂದು ಬರೆಯಬಹುದು, ಆದರೆ ನಿಲ್ಲಲಿಲ್ಲ. ವಸು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅರ್ಥವಾಯಿತಲ್ಲ ನಿಮಗೆ? ಒಳ್ಳೆಯ ಪೀಸಿನ ಫೋಟೋಗಳಲ್ಲೆಲ್ಲ ಚುಕ್ಕಿ ಇತ್ತು. ಕೆಟ್ಟವುಗಳಲ್ಲಿ ಇರಲಿಲ್ಲ. ಮಾಡೆಲ್ ಗೀರನ್ನೂ ಕಲಿಯಲಿಲ್ಲ, ಥ್ರೆಡ್ಡನ್ನೂ ಕಲಿಯಲಿಲ್ಲ. ಚುಕ್ಕಿ ಇದ್ದರೆ ಎಲ್ಲ ಸರಿ, ಇಲ್ಲದಿದ್ದರೆ ಎಲ್ಲೋ ಏನೋ ಕೆಟ್ಟಿದೆ. ಇಷ್ಟನ್ನೇ ಕಲಿತು ಹಾಯಾಗಿ ಕೂತಿತ್ತು. ಪರೀಕ್ಷೆಗೆ ಎತ್ತಿಟ್ಟ ಫೋಟೋಗಳಲ್ಲೂ ಚುಕ್ಕಿ ಇದ್ದದ್ದರಿಂದ ನೂರಕ್ಕೆ ನೂರು. ಇವತ್ತು ಚುಕ್ಕಿ ಇಲ್ಲದ ಹೊಸ ಪೀಸ್ ಬಂದಾಗ ಎಲ್ಲಾ ಫೇಲು.

ಬೈಯಬೇಕೆ? ನನಗಂತೂ ಅದರ ಮೇಲೆ ಪ್ರೀತಿಯೇ ಬಂತು. ಕಡಿಮೆ ಕೆಲಸದಲ್ಲಿ ಮುಗಿಸು ಎಂದು ಹೇಳಿಕೊಟ್ಟವರು ನಾವೇ. ಅದು ಇನ್ನೂ ಕಡಿಮೆ ಕೆಲಸದಲ್ಲಿ ಮುಗಿಸಿತು. ಪುಸ್ತಕ ಬಿಟ್ಟು ಗೈಡು ಓದಿ ಪಾಸಾದ ನಾವೆಲ್ಲ ಅದಕ್ಕೆ ಬುದ್ಧಿ ಹೇಳಲು ಹೋಗಬಾರದು.

“ತಪ್ಪು ನಂದೇ ಸಾರ್. ಇವರು ಹೇಗೆ ಕೆಲಸ ಮಾಡ್ತಾರೆ ಅಂತ ಬಂದು ಪಕ್ಕದಲ್ಲಿ ಕೂತು ನೋಡ್ಬೇಕಿತ್ತು, ಫೋನಲ್ಲೇ ಹೇಳ್ಬಿಟ್ಟೆ. ಒಂದು ವಾರ ಟೈಮ್ ಕೊಡಿ” ಎಂದಳು ವಸು.

ಗಂಗಣ್ಣ ಬಿನ್ನನ್ನು ನೋಡಿದರು, ಡಬ್ಬಿಯನ್ನು ನೋಡಿದರು. “ಸ್ಪೀಡು ಮಾತ್ರ ಸಕ್ಕತ್ತಾಗದೆ ಕಣಮ್ಮ. ಓಗ್ಲಿ, ಒಂದು ವಾರ ತಗೊಳ್ಳಿ” ಎಂದರು.

ಈಗ ಫೋಟೋ ಮತ್ತೆ ತೆಗೆಯಬೇಕು. ವಸುವಿಗೆ ಒಂದು ಸುಲಭದ ದಾರಿ ಹೊಳೆಯಿತು. ಕೆಟ್ಟ ಪೀಸುಗಳಿಗೂ ಒಂದೊಂದು ಚುಕ್ಕಿ ಇಟ್ಟುಬಿಟ್ಟರೆ? ಆಗ ಚುಕ್ಕಿಗೆ ಅರ್ಥವೇ ಇರುವುದಿಲ್ಲ, ಮಾಡೆಲ್ ತಾನಾಗಿ ಬೇರೆ ಕಡೆ ನೋಡಲು ಕಲಿಯುತ್ತದೆ. ಪೇಂಟ್ ಪೆನ್ನನ್ನು ರೇಣುಕಾಳ ಕೈಗೆ ಕೊಟ್ಟಳು.

ರೇಣುಕಾ ಕೆಟ್ಟ ಪೀಸ್ ಕೈಗೆತ್ತಿಕೊಂಡಳು. ಪೆನ್ನನ್ನು ಹತ್ತಿರ ತಂದಳು. ನಿಂತಳು. ಮತ್ತೆ ಕೆಳಗಿಟ್ಟಳು.

“ಆಗೂದಿಲ್ರೀ ಮೇಡಂ. ಕೆಟ್ಟ ಪೀಸಿಗೆ ನನ್ನ ಚುಕ್ಕಿ ಬೀಳೂದಿಲ್ಲ.”

“ಇದು ಸುಮ್ನೆ ಫೋಟೋಗೆ ರೇಣುಕಾ...”

“ಗೊತ್ತೈತ್ರಿ. ಆದ್ರೂ ಬರಂಗಿಲ್ಲ. ನಾಳೆ ಇದು ಎಲ್ಲೋ ತಪ್ಪಿ ಹೊರಗ ಹೋತಂದ್ರ? ಯಾರೋ ನೋಡಿ, ರೇಣುಕಾ ಓಕೆ ಮಾಡ್ಯಾಳ ಅಂತಾರ.”

ವಸು ಪೆನ್ನನ್ನು ವಾಪಸ್ ತೆಗೆದುಕೊಂಡಳು. ಆ ಹೆಸರಿಲ್ಲದ ಹಳದಿ ಚುಕ್ಕಿ ಅವಳ ಸಹಿ. ಅದನ್ನು ಯಾವ ಮಾಡೆಲ್ಲಿಗೆ ವಿವರಿಸುತ್ತೀರಿ?

ಕೊನೆಗೆ ಉಲ್ಟಾ ದಾರಿ ಹಿಡಿದರು. ಒಳ್ಳೆಯ ಪೀಸುಗಳ ಚುಕ್ಕಿಯನ್ನೇ ಥಿನ್ನರ್ ಹಾಕಿ ಒರೆಸಿ, ಮತ್ತೆ ಫೋಟೋ ತೆಗೆಯುವುದು. ರೇಣುಕಾ ಒರೆಸಿದಳು, ವಸು ಒರೆಸಿದಳು, ಅವಳ ಪಾರ್ಟ್‌ನರ್ ಬಂದು ಒರೆಸಿದಳು. ನಾನೂ ಎರಡು ಮಧ್ಯಾಹ್ನ ಹೋಗಿ ಒರೆಸಿದೆ. ಥಿನ್ನರಿನ ವಾಸನೆಗೆ ತಲೆ ಗಿಂವ್ ಎನ್ನುತ್ತಿತ್ತು. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಎಂದು ಟಿವಿಯಲ್ಲಿ ಕೋಟು ಹಾಕಿಕೊಂಡು ಮಾತಾಡುತ್ತಾರಲ್ಲ, ಅದರ ಒಳಗೆ ಹಳೆಯ ಬನಿಯನ್ ಬಟ್ಟೆಯೂ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಈ ಸಲದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬರಲಿಲ್ಲ. ವಸುವಿಗೆ ಅದರಿಂದಲೇ ಖುಷಿ. “ಈಗ ನಿಜವಾಗ್ಲೂ ಓದಿದೆ ಅತ್ತಿಗೆ!” ಎಂದಳು. ಹೊಳಪು ನೋಡಿ ಗೀರು ಎಂದು ಮೋಸಹೋಗುತ್ತಿತ್ತು, ನಂಬರಿನಲ್ಲಿ ತಡವರಿಸುತ್ತಿತ್ತು. ಅವಳು ನಂಬರಿನ ಮಾತಿಗೆ ಇನ್ನಷ್ಟು ಬೆಲೆ ಕೊಟ್ಟು, ಗೀರಿನ ಬಾಯಿ ಸ್ವಲ್ಪ ಮುಚ್ಚಿಸಿ ಹದ ಮಾಡಿದಳು.

ಮೊನ್ನೆ ಶನಿವಾರ ಎರಡನೇ ಟ್ರಯಲ್. ಈ ಸಲ ಗಂಗಣ್ಣ ಹಳೇ ಶರ್ಟಿನಲ್ಲೇ ಬಂದಿದ್ದರು. ಬೆಲ್ಟು ಹೊರಟಿತು. ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು.

ಹಸಿರು.

ಹಸಿರು. ಹಸಿರು. ಹಸಿರು. ಕೆಂಪು! ಫುಸ್. ರೇಣುಕಾ ಬಿನ್ನಿಗೆ ಕೈಹಾಕಿ ಪೀಸ್ ತೆಗೆದು ಬೆಳಕಿಗೆ ಹಿಡಿದಳು. ಥ್ರೆಡ್ಡಿನ ಅಂಚು ಕಿತ್ತಿತ್ತು. “ಕರೆಕ್ಟ್ ಐತ್ರೀ!” ಎಂದು ಕೂಗಿದಳು ನೋಡಿ, ಶೆಡ್ಡಿನ ತಗಡು ಹಾರುವ ಹಾಗೆ. ಮತ್ತೆ ಹಸಿರು, ಹಸಿರು. ಮತ್ತೊಂದು ಕೆಂಪು, ಅದು ನಂಬರ್ ಅರ್ಧ ಮೂಡಿದ ಪೀಸ್. ಬೆಲ್ಟು ಪೂರ್ತಿ ವೇಗದಲ್ಲಿ ಓಡುತ್ತಿದೆ, ಡಬ್ಬಿ ಬೆಚ್ಚಗಿದೆ ಅಷ್ಟೇ. ಮೂರು ಮಾಡೆಲ್ ಏದುಸಿರು ಬಿಡುತ್ತಿದ್ದ ಜಾಗದಲ್ಲಿ ಒಂದೇ ಮಾಡೆಲ್ ಆರಾಮವಾಗಿ ಕೂತು ಕೆಲಸ ಮಾಡುತ್ತಿದೆ. ನಾನು ಶಿಳ್ಳೆ ಹೊಡೆದೆ. ನನ್ನ ವಯಸ್ಸಿಗೆ ಶೋಭಿಸದು, ಗೊತ್ತು. ಹೊಡೆದೆ.

ಗಂಗಣ್ಣ ಎಲ್ಲರಿಗೂ ಟೀ, ಬೋಂಡಾ ತರಿಸಿದರು. ಡಬ್ಬಿಯ ಮೇಲೆ ಕೈ ಇಟ್ಟು, ಕರುವಿನ ಮೈ ಸವರುವಂತೆ ಸವರಿದರು. ಆಮೇಲೆ ಕೇಳಿದರು: “ಮೇಡಂ, ಇದು ಇನ್ನಾ ಅರ್ಧ ಖಾಲಿ ಐತೆ ಅಂದ್ರಲ್ಲ?”

“ಹೌದು ಸಾರ್, ಇನ್ನೂ ಒಂದೆರಡು ಕೆಲಸ ಕಲಿಸಬಹುದು.”

“ಅಂಗಾದ್ರೆ ಒಂದು ಕ್ಯಾಮೆರಾ ಈ ಕಡಿಕ್ಕೂ ತಿರುಗ್ಸಿ. ಯಾರು ಎಷ್ಟೊತ್ತಿಗೆ ಟೀಗೆ ಓದ್ರು, ಎಷ್ಟೊತ್ತು ಮಾತಾಡ್ಕೊಂಡು ನಿಂತಿದ್ರು, ಅದ್ನೂ ನೋಡ್ಲಿ.”

ಬೋಂಡಾ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ವಸು ನಗುತ್ತಲೇ ಹೇಳಿದಳು: “ಇದು ಪೀಸ್ ನೋಡೋ ಯಂತ್ರ ಸಾರ್. ಜನ ನೋಡೋದು ನಾನು ಮಾಡಲ್ಲ.”

“ಓ, ಸರಿ ಬುಡಿ” ಎಂದರು ಗಂಗಣ್ಣ. ಕೆಟ್ಟ ಮನುಷ್ಯರಲ್ಲ, ಕೇಳಿ ನೋಡಿದರು ಅಷ್ಟೇ. (ಖಾಲಿ ಜಾಗ ಕಂಡರೆ ಏನಾದರೂ ತುಂಬಬೇಕು ಅನ್ನಿಸುವುದು ಯಾರಿಗಿಲ್ಲ? ನಮ್ಮ ಮನೆಯ ಅಟ್ಟ ನೋಡಿ.) ಆಮೇಲೆ ರೇಣುಕಾಳ ಕಡೆ ತಿರುಗಿದರು. “ನೀನು ಸದ್ಯಕ್ಕೆ ಕ್ಯಾಮೆರಾ ಪಕ್ಕದಾಗೇ ಇರು. ಅದು ಸರಿಯಾಗಿ ನೋಡ್ತದಾ ಇಲ್ವಾ ಅಂತ ನೋಡ್ಕೋ. ಸಿಎನ್‌ಸಿದು ಆಮೇಲೆ ನೋಡಾನ.”

ನನ್ನ ಕೈಯಲ್ಲಿದ್ದ ಟೀ ಅಲ್ಲೇ ಉಳಿಯಿತು. ಇಷ್ಟು ದಿನ ಅವಳು ಬಟನ್ ಒತ್ತಿದ್ದು, ಚುಕ್ಕಿ ಒರೆಸಿದ್ದು, ಮಲ್ಲಿಗೆ ಮುಡಿದು ಬಂದದ್ದು, ಎಲ್ಲ ಆ ಒಂದು ‘ನೋಡಾನ’ದಲ್ಲಿ ಮುಗಿದುಹೋಯಿತೇ? ನೋಡುವ ಕೆಲಸದಿಂದ ಬಿಡಿಸಿ, ನೋಡುವುದನ್ನು ನೋಡುವ ಕೆಲಸಕ್ಕೆ ಹಾಕುವುದಾ?

ರೇಣುಕಾ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಟೀ ಲೋಟ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದಳು: “ಸಾಹೇಬ್ರ, ಆ ಡಬ್ಬಿಗೆ ಒಮ್ಮೆಲೆ ಮೂರು ಕೆಲಸ ಕಲಿಸಿದ್ರಿ. ನನಗ ಒಂದ ಕಲಿಸ್ರಿ, ಸಾಕು.”

ಗಂಗಣ್ಣ ತಲೆ ಕೆರೆದುಕೊಂಡರು. ಎಲ್ಲರ ಮುಖ ನೋಡಿದರು. ಆಮೇಲೆ ಸಿಎನ್‌ಸಿ ಆಪರೇಟರನ್ನು ಕರೆದು, “ಸೋಮವಾರದಿಂದ ಈಯಮ್ಮನ್ನ ಪಕ್ಕದಾಗೆ ನಿಲ್ಲಿಸ್ಕೊಂಡು ಯೋಳ್ಕೊಡಪ್ಪ” ಎಂದರು.

ಇವತ್ತು ಸೋಮವಾರ. ಬೆಳಗ್ಗೆ ರೇಣುಕಾ ವಸುವಿಗೆ ಒಂದು ಫೋಟೋ ಕಳಿಸಿದ್ದಾಳೆ. ಸಿಎನ್‌ಸಿ ಪ್ಯಾನೆಲ್ಲಿನ ಮುಂದೆ, ಸೇಫ್ಟಿ ಕನ್ನಡಕ ಹಾಕಿಕೊಂಡು, ಬಾಯಿ ತುಂಬ ನಗು. ಸಂತೋಷಕ್ಕೆ ಮನೆಯಲ್ಲಿ ಎಲ್ಲರಿಗೂ ತೋರಿಸಿ ಬಂದೆ. ಆದರೆ ಒಂದು ಮಾತು ತಲೆಯಲ್ಲಿ ಕೊರೆಯುತ್ತಲೇ ಇದೆ.

ಯಂತ್ರ ತಪ್ಪು ಕಲಿತರೆ ಇನ್ನೊಂದು ವಾರ ಕೊಟ್ಟು ಮತ್ತೆ ಕಲಿಸುವ ನಾವು, ಕಲಿಯುತ್ತೇನೆ ಎಂದು ಬಂದ ಮನುಷ್ಯರಿಗೆ ಮಾತ್ರ ಯಾಕೆ ಯಾವಾಗಲೂ ‘ಆಮೇಲೆ ನೋಡೋಣ’ ಅನ್ನುತ್ತೇವೆ?